ಗೋಳಿಸೊಪ್ಪಿನ ಮಾಡು

ಕುಮಟೆಯಲ್ಲಿ ಸೆಕೆ ಇದೆ ಎಂದು ಕಂಡುಹಿಡಿದವರು ನಿತ್ಯಾನಂದ ಸಾವ್ಕಾರರು.

ಅದಕ್ಕೂ ಮುಂಚೆ ಸೆಕೆ ಇರಲಿಲ್ಲ ಅಂತಲ್ಲ. ಇತ್ತು. ಆದರೆ ಅದು ಮಾದೇವಿ, ಗಂಗೆ, ಲಕ್ಕಿ ಇಂಥವರ ಮೈಮೇಲೆ ಇತ್ತು. ಅಲ್ಲಿದ್ದಾಗ ಅದನ್ನು ಯಾರೂ ಸೆಕೆ ಎಂದು ಕರೆಯಲಿಲ್ಲ. ಬೆವರು ನಾತ ಎಂದು ಕರೆದು ಎರಡು ಮಾರು ದೂರ ನಿಂತರು. ಸಾವ್ಕಾರರ ‘ಸಮೃದ್ಧಿ’ ಕಾಂಪ್ಲೆಕ್ಸಿನ ನಾಲ್ಕನೇ ಮಾಳಿಗೆಯಲ್ಲಿ ಮದುವೆ ಹಾಲ್ ಇದೆ. ಹೋದ ಏಪ್ರಿಲ್ಲಿನಲ್ಲಿ ಅಲ್ಲಿ ಕರೆಂಟು ಹೋಗಿ, ಜನರೇಟರೂ ಕೈಕೊಟ್ಟು, ತಾಳಿ ಕಟ್ಟಬೇಕಾದ ಮದುಮಗ ಬಾಸಿಂಗದ ಸಮೇತ ಮಣೆಯ ಮೇಲೆ ಕುಸಿದ. ಆವತ್ತಿನಿಂದ ಊರಿನಲ್ಲಿ ಸೆಕೆ ಅಧಿಕೃತವಾಗಿ ಶುರುವಾಯಿತು.

ಆ ಕಟ್ಟಡ ಏಳುವ ಮೊದಲು ಅದೇ ಜಾಗದಲ್ಲಿ ಎರಡು ಹೊನ್ನೆ ಮರ ಇದ್ದವು. ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ಅಲ್ಲೇ ಉಸಿರು ಬಿಡುತ್ತಿದ್ದರು. ಕಾರು ನಿಲ್ಲಿಸಲು ಅಡ್ಡವಾಗುತ್ತದೆಂದು ಸಾವ್ಕಾರರು ಕಡಿಸಿದರು. ಕಡಿದ ಕೊಂಬೆಗಳ ಹೊರೆ ಹೊತ್ತವಳು ಮಾದೇವಿ. ಈಗ ತಂಪು ಬೇಕೆಂದರೆ ಮಣ್ಣು ಹೊರಲಿಕ್ಕೂ ಮಾದೇವಿಯೇ ಬೇಕಾಯಿತು. ಕೆಲಸಕ್ಕೆ ಬರಗಾಲವಿಲ್ಲ ನೋಡಿ.

ಬೆಂಗಳೂರಿನಿಂದ ವಿನುತಾ ಮೇಡಂ ಬಂದರು. ಕಟ್ಟಡಗಳ ತಲೆಯ ಮೇಲೆ ಹಸಿರು ಬೆಳೆಸುವುದು ಅವರ ಉದ್ಯೋಗ. ಮೇಡಂ ಒಳ್ಳೆಯವರೇ. ಮಾದೇವಿಯನ್ನು ‘ಅಮ್ಮ’ ಅಂತಲೇ ಕರೆದರು, ಹೆಸರು ಕೇಳಲಿಲ್ಲ ಅಷ್ಟೆ. ತಾರಸಿಯ ಮೇಲೆ ಮಾದೇವಿಯ ಕೈಯಲ್ಲಿ ಛತ್ರಿ ಹಿಡಿಸಿಕೊಂಡು ಸಾವ್ಕಾರರಿಗೆ ವಿವರಿಸಿದರು. ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ಇಟ್ಟುಕೊಳ್ಳುತ್ತದೆ, ಹೊತ್ತು ಮುಳುಗಿದ ಮೇಲೆ ಅದನ್ನೇ ಕಾರುತ್ತದೆ. ಪೇಟೆ ತುಂಬ ಇಂಥ ತಾರಸಿಗಳಾದರೆ ಪೇಟೆಯೇ ಒಂದು ಒಲೆ. ಅದರ ಮೇಲೆ ನೀರಿಳಿಯದ ಹಾಳೆ ಹಾಸಬೇಕು, ಹಾಳೆಯ ಮೇಲೆ ನೀರು ಹರಿದುಹೋಗುವ ಪದರ, ಅದರ ಮೇಲೆ ನಾಲ್ಕು ಬೆರಳು ಮಣ್ಣು, ಮಣ್ಣಿನಲ್ಲಿ ದಪ್ಪ ಎಲೆಯ ಗಿಡ. ಎಲೆ ಬಿಸಿಲನ್ನು ತಾನೇ ತಿನ್ನುತ್ತದೆ, ಕೆಳಗೆ ಬಿಡುವುದಿಲ್ಲ.

ಸಾವ್ಕಾರರು ಹೂಂ ಹೂಂ ಅಂದರು. ಅವರ ಕಣ್ಣು ಫೋನಿನ ಮೇಲಿತ್ತು. ಮೇಡಂ ಹೇಳಿದ್ದು ಸಾವ್ಕಾರರಿಗೆ. ಅರ್ಥವಾದದ್ದು ಛತ್ರಿಯ ಹೊರಗೆ ಬಿಸಿಲಲ್ಲಿ ನಿಂತಿದ್ದ ಮಾದೇವಿಗೆ.

ಮಣ್ಣು ಬಂತು. ಲಾರಿ ಅದನ್ನು ಕಟ್ಟಡದ ಹಿಂದೆ ಸುರಿದು ಹೋಯಿತು. ಅಲ್ಲಿಂದ ಮೇಲಕ್ಕೆ ಎಂಬತ್ತೆಂಟು ಮೆಟ್ಟಿಲು. ಲಿಫ್ಟು ಇಲ್ಲವೆಂದಲ್ಲ, ಇದೆ. ಅದರಲ್ಲಿ ಐಸ್‌ಕ್ರೀಮಿನ ಡಬ್ಬಗಳು ಹೋಗುವುದನ್ನು ಮಾದೇವಿ ಕಂಡಿದ್ದಳು. ಒಮ್ಮೆ ಸಾವ್ಕಾರರ ಮನೆಯ ನಾಯಿ ಹೋಗುವುದನ್ನೂ ಕಂಡಿದ್ದಳು. ಹೆಡಗೆ ಹೊತ್ತ ಹೆಂಗಸರು ಹೋದರೆ ಮಾತ್ರ ಅದು ಕೆಡುತ್ತದಂತೆ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಹೆಡಗೆ, ಹೆಡಗೆಯಲ್ಲಿ ಹಸಿ ಮಣ್ಣು. ಕತ್ತು ಒಳಗೆ ಇಳಿಯುತ್ತಿತ್ತು. ಮೂರನೇ ಮಾಳಿಗೆಗೆ ಬರುವಾಗ ಮೊಣಕಾಲು ತನ್ನದಲ್ಲ ಅನ್ನಿಸುತ್ತಿತ್ತು. ಹದಿನೆಂಟು ದಿನ ಹೊತ್ತರು.

ಮೇಲೆ ಹಾಸಿದ್ದು ಕಪ್ಪು ಹಾಳೆ. ಚಪ್ಪಲಿಯಲ್ಲಿ ಸಿಕ್ಕಿದ ಕಲ್ಲಿನಿಂದ ತೂತಾಗುತ್ತದೆಂದು ಚಪ್ಪಲಿ ಬಿಡಿಸಿದರು. ಮಧ್ಯಾಹ್ನದ ಬಿಸಿಲಿಗೆ ಕಾದ ಹಾಳೆಯ ಮೇಲೆ ಬರಿಗಾಲು. ಗಂಗೆಯ ಅಂಗಾಲಿನಲ್ಲಿ ಗುಳ್ಳೆ ಎದ್ದು ಒಡೆಯಿತು. ಮೇಸ್ತ್ರಿ ಸುಧಾಕರ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು, ಬೇಗ ಬೇಗ ಹೆಜ್ಜೆ ಹಾಕಿದರೆ ಸುಡುವುದಿಲ್ಲ ಎಂದು ಬುದ್ಧಿ ಹೇಳುತ್ತಿದ್ದ. ಸುಧಾಕರ ಪರಕೀಯನಲ್ಲ. ಮಾದೇವಿಯ ಕೇರಿಯ ಆಚೆ ತುದಿಯವನು, ಅವಳ ಕಣ್ಣ ಮುಂದೆ ಚಡ್ಡಿ ಇಲ್ಲದೆ ಓಡಾಡಿದವನು. ಈಗ ಅಂಗಿಯ ಜೇಬಿನಲ್ಲಿ ಎರಡು ಪೆನ್ನು ಬಂದಿವೆ.

ಮಾದೇವಿಯ ಮನೆ ಹೊಳನಗದ್ದೆಯ ಹತ್ತಿರ, ಗದ್ದೆ ಮುಗಿದು ಕಲ್ಲು ನೆಲ ಶುರುವಾಗುವಲ್ಲಿ. ಊರಿನವರು ಉಳಿಸಿಕೊಳ್ಳದ ನೆಲ ಅದು, ಅದಕ್ಕೇ ಕೇರಿಗೆ ಸಿಕ್ಕಿತು. ಮೊದಲು ಕರಡದ ಹುಲ್ಲು ಹೊದೆಸಿದ ಮಾಡು ಇತ್ತು. ಮಾಡಿನ ಮೇಲೆ ಸೋರೆ ಬಳ್ಳಿ ಹಬ್ಬುತ್ತಿತ್ತು. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಮಣ್ಣಿನ ಗಡಿಗೆಯೊಳಗೆ ಕಾಲಿಟ್ಟ ಹಾಗೆ. ಆಮೇಲೆ ಯಾವುದೋ ಯೋಜನೆಯವರು ಬಂದು, ಹುಲ್ಲಿನ ಮನೆ ಇರುವುದು ಈ ಕಾಲಕ್ಕೆ ನಾಚಿಕೆಗೇಡು ಅಂದರು. ಹುಲ್ಲು ಇಳಿಸಿ ತಗಡು ಹಾಕಿಸಿದರು. ಹೊಳೆಯುವ ತಗಡಿನ ಮುಂದೆ ಮಾದೇವಿಯನ್ನು ನಿಲ್ಲಿಸಿ ಫೋಟೋ ತೆಗೆದರು. ಅವರ ನಾಚಿಕೆ ಹೋಯಿತು. ಮಾದೇವಿಯ ನಿದ್ದೆ ಹೋಯಿತು.

ಈ ವರ್ಷ ಮಗಳು ನೇತ್ರಾ ಹೆರಿಗೆಗೆ ಬಂದಳು. ಅವಳನ್ನು ಕೊಟ್ಟದ್ದು ಹೊನ್ನಾವರಕ್ಕೆ, ಗಂಡ ಭಟ್ಕಳ ಬಂದರದಲ್ಲಿ ಬೋಟಿನ ಕೆಲಸಕ್ಕೆ ಹೋಗುತ್ತಾನೆ. ಮಾರ್ಚಿನಲ್ಲಿ ಹೆಣ್ಣು ಕೂಸು ಹುಟ್ಟಿತು. ತಗಡಿನ ಅಡಿಯಲ್ಲಿ ಬಾಣಂತಿ ಬೆಂದಳು. ಕೂಸಿನ ಕತ್ತು, ಕಂಕುಳು, ಬೆನ್ನು ತುಂಬ ಬೆವರುಸಾಲೆ ಎದ್ದು ಕೆಂಪು ರಾಗಿ ಚೆಲ್ಲಿದಂತಾಯಿತು. ಹಾಲು ಕುಡಿಯಲು ಬಾಯಿ ಹಾಕಿದರೆ ತಾಯಿಯ ಮೈ ಕಾವಿಗೆ ಕೂಸು ಬಾಯಿ ಬಿಟ್ಟು ಅಳುತ್ತಿತ್ತು. ಹನ್ನೆರಡನೇ ದಿನ ಅಳುವುದನ್ನೂ ಬಿಟ್ಟು ಸುಮ್ಮನೆ ಕಣ್ಣು ಮೇಲೆ ಮಾಡಿತು. ಆಸ್ಪತ್ರೆಯಲ್ಲಿ, ಮೈಯಲ್ಲಿ ನೀರಿನಂಶ ಕಡಿಮೆಯಾಗಿದೆ, ಎರಡು ದಿನ ಇಟ್ಟುಕೊಳ್ಳಬೇಕು ಅಂದರು. ಮನೆಗೆ ಕಳಿಸುವಾಗ ಡಾಕ್ಟರು ಕೂಸನ್ನು ತಂಪಾದ ಕೋಣೆಯಲ್ಲಿ ಮಲಗಿಸಿ ಎಂದರು. ಒಂದೇ ಕೋಣೆಯ ಮನೆಯಲ್ಲಿ ತಂಪಾದ ಕೋಣೆ ಯಾವುದೆಂದು ಹೇಳಲಿಲ್ಲ.

ಮಾದೇವಿ ಛತ್ರಿ ಹಿಡಿದು ಕೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು. ಮೊದಲು ತಗಡಿನ ಮೇಲೆ ಕರಡ ಹಾಸಿದಳು. ಅದರ ಮೇಲೆ ಹೆಣೆದ ತೆಂಗಿನ ಮಡಲು. ಹಳೇ ಗೋಣಿಚೀಲಗಳಲ್ಲಿ ಎರಡೆರಡು ಬೆರಳು ಮಣ್ಣು ತುಂಬಿ, ಚಪ್ಪಟೆ ಮಾಡಿ ಹೊಲಿದು, ಜಾರದ ಹಾಗೆ ಹುರಿಹಗ್ಗದಲ್ಲಿ ಜೋಡಿಜೋಡಿಯಾಗಿ ಬಿಗಿದು ಮಾಡಿನ ಎರಡೂ ಬದಿಗೆ ಇಳಿಬಿಟ್ಟಳು. ಚೀಲದಲ್ಲಿ ತೂತು ಮಾಡಿ ಗೋಳಿಸೊಪ್ಪು ನೆಟ್ಟಳು. ಕೆಂಪು ದಂಟು, ದಪ್ಪ ಪುಟ್ಟ ಎಲೆ, ಗದ್ದೆಯ ಅಂಚಿನಲ್ಲಿ ಯಾರೂ ಕರೆಯದೆ ಬೆಳೆಯುವ ಸೊಪ್ಪು. ಪಾತ್ರೆ ತೊಳೆದ ನೀರು, ಕೂಸಿನ ಮೈ ತೊಳೆದ ನೀರು ಎಲ್ಲ ಅದಕ್ಕೇ. ಮೂರು ವಾರದಲ್ಲಿ ಮಾಡು ಹಸಿರಾಯಿತು. ಕೂಸಿನ ಬೆನ್ನಿನ ಕೆಂಪು ಇಳಿಯಿತು. ಹಗಲು ಎರಡು ತಾಸು ಒಂದೇ ಸಮ ಮಲಗಿತು. ಮೇಡಂ ಪಟ್ಟಣದಲ್ಲಿ ಓದಿದ್ದು ಕೇರಿಯಲ್ಲಿ ಪಾಸಾಯಿತು.

ಅತ್ತ ಕಾಂಪ್ಲೆಕ್ಸಿನ ಮೇಲೂ ಗಿಡ ಬಂದವು. ಬೆಂಗಳೂರಿನಿಂದ ಟ್ರೇಗಳಲ್ಲಿ ಜೋಡಿಸಿ ಬಂದವು, ಒಂದೊಂದು ಟ್ರೇಗೂ ಇಂಗ್ಲಿಷ್ ಚೀಟಿ. ಅಲ್ಲಿಂದ ಬಂದ ಆಳುಗಳೇ ನೆಟ್ಟು ಹೋದರು. ಹದಿನೈದು ದಿನಕ್ಕೆ ಚೆನ್ನಾಗಿ ಹಬ್ಬಿದವು, ನಡುವೆ ಹುಲ್ಲೂ ಎದ್ದಿತು. ಉದ್ಘಾಟನೆಗೆ ನಾಲ್ಕು ದಿನ ಇರುವಾಗ ಸುಧಾಕರ ಬಂದು, ಕಸ ಎಲ್ಲ ಕಿತ್ತು ಚೊಕ್ಕ ಮಾಡಿ ಎಂದು ಅಪ್ಪಣೆ ಮಾಡಿ ಚಹಾಕ್ಕೆ ಹೋದ.

ಹೆಂಗಸರು ಬಗ್ಗಿದರು. ನೋಡುತ್ತಾರೆ, ಮೇಲೆಲ್ಲ ಎಳೇ ಹುಲ್ಲು ಸಮವಾಗಿ ಎದ್ದಿದೆ, ಥೇಟ್ ಸಾವ್ಕಾರರ ಮನೆಯ ಅಂಗಳದ ಲಾನಿನ ಹಾಗೆ. ಅದರ ನಡುವೆ ಕಂಡಕಂಡಲ್ಲಿ ಗೋಳಿಸೊಪ್ಪು. ಯಾವುದು ಬೇಕಾದ್ದು ಯಾವುದು ಕಸ ಎಂಬುದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ದೊಡ್ಡವರು ಹುಲ್ಲು ಬೆಳೆಸಿ ಅದರ ಮೇಲೆ ಕುರ್ಚಿ ಹಾಕುತ್ತಾರೆ, ಇದು ಗೊತ್ತಿದ್ದ ಸಂಗತಿ. ಗೋಳಿಸೊಪ್ಪನ್ನು ದುಡ್ಡು ಕೊಟ್ಟು ಬೆಂಗಳೂರಿನಿಂದ ತರಿಸುತ್ತಾರೆಂದು ಯಾರಿಗೆ ಗೊತ್ತು? ಅದನ್ನೇ ತನ್ನ ಮಾಡಿಗೆ ನೆಟ್ಟ ಮಾದೇವಿಗೂ ಹೊಳೆಯಲಿಲ್ಲ. ಹುಲ್ಲಿನ ಒಂದು ಎಸಳೂ ಅಲುಗದ ಹಾಗೆ, ಮೂವರೂ ಸೇರಿ ಗೋಳಿಸೊಪ್ಪನ್ನು ಬೇರುಸಹಿತ ಕಿತ್ತರು. ಅಷ್ಟು ನಾಜೂಕಿನ ಕೆಲಸ ಅವರು ಯಾವ ಗದ್ದೆಯಲ್ಲೂ ಮಾಡಿರಲಿಲ್ಲ.

ಕಳೆ ಕೀಳುವಾಗ ಸಿಕ್ಕ ಸೊಪ್ಪು ಕಳೆ ಕಿತ್ತವಳದ್ದು. ಇದು ಅಜ್ಜಿಯ ಅಜ್ಜಿಯ ಕಾಲದಿಂದ ಬಂದ ರೀತಿ. ಎಂಥ ಜಿಪುಣ ಗದ್ದೆಯ ಒಡೆಯನೂ ಹೆಂಗಸರ ಮಡಿಲಿನ ಸೊಪ್ಪನ್ನು ಕೇಳಿದ್ದಿಲ್ಲ. ಹಾಗಾಗಿ ಮೂವರೂ ಸೆರಗು ತುಂಬಿಕೊಂಡು ಮನೆಗೆ ಹೋದರು, ಒಣ ಶೆಟ್ಲಿ ಸಿಗಡಿ ಹಾಕಿ ಪಲ್ಯ ಮಾಡಿದರು. ಮಿಕ್ಕಿದ್ದನ್ನು ಅಕ್ಕಪಕ್ಕದವರಿಗೆ ಕೊಟ್ಟರು. ಆವತ್ತು ಇಡೀ ಕೇರಿ ಬೆಂಗಳೂರಿನ ಊಟ ಉಂಡಿತು.

ಮರುದಿನ ಬೆಳಿಗ್ಗೆ ಸಾವ್ಕಾರರು ಲಿಫ್ಟಿನಲ್ಲಿ ಮೇಲೆ ಹೋದವರು ಮೆಟ್ಟಿಲಿಳಿದು ಓಡಿಬಂದರು. ಅವರು ಆ ಮೆಟ್ಟಿಲು ಕಂಡದ್ದು ಅದೇ ಮೊದಲು. ಹೆಂಗಸರನ್ನು ಕಾರುಗಳ ನಡುವೆ ಸಾಲಾಗಿ ನಿಲ್ಲಿಸಿದರು. ಗೇಟಿನವನಿಂದ ಅವರ ಚೀಲಗಳನ್ನು ನೆಲಕ್ಕೆ ಸುರಿಸಿದರು. ಬಾಚಣಿಗೆ, ಎಲೆಯಡಿಕೆ ಕವಳದ ಸಂಚಿ, ಗಂಗೆಯ ಕಾಲಿನ ಮುಲಾಮು, ಮಾದೇವಿಯ ಊಟದ ಡಬ್ಬಿ. ಡಬ್ಬಿ ಬಿಚ್ಚಿದರೆ ಕುಚ್ಚಲಕ್ಕಿ ಅನ್ನ, ಪಕ್ಕಕ್ಕೆ ಗೋಳಿಸೊಪ್ಪಿನ ಪಲ್ಯ. ಸಾಕ್ಷಿ ಒಗ್ಗರಣೆಯ ಸಮೇತ ಸಿಕ್ಕಿತು. ಅಂಗಡಿಗೆ ಬಂದವರು ನಿಂತು ನೋಡಿದರು. ಒಬ್ಬ ಫೋನಿನಲ್ಲಿ ಚಿತ್ರ ತೆಗೆದ.

“ತಿಂದ್ಬಿಟ್ರಿ,” ಅಂದರು ಸಾವ್ಕಾರರು. “ಕದ್ದು ತಿಂದ್ಬಿಟ್ರಿ. ನಿಮ್ಮ ಜಾತಿಯವ್ರನ್ನ ಮೇಲೆ ಹತ್ತಿಸಿದ್ದೇ ನನ್ನ ತಪ್ಪು.”

ಲಕ್ಕಿ ನೆಲ ನೋಡಿದಳು. ಮಾದೇವಿಯ ಕಿವಿ ಬಿಸಿಯಾಯಿತು. ಐವತ್ತು ವರ್ಷದ ಹೆಂಗಸು, ಬೇರೆಯವರ ಮಾವಿನಕಾಯಿಗೂ ಕೈ ಚಾಚಿದವಳಲ್ಲ. ಗಂಗೆ ಮಾತ್ರ, ಏನೂ ಆಗದವಳ ಹಾಗೆ ಚೀಲಕ್ಕೆ ಬಾಚಣಿಗೆ ತುಂಬುತ್ತ, “ಬೆಂಗಳೂರದ್ದು ಹೇಳಿ ಗೊತ್ತಾಗ್ಲಿಲ್ಲ ಒಡೆಯಾ, ರುಚಿ ಇಲ್ಲಿಯದ್ರ ಹಾಂಗೇ ಇತ್ತು,” ಅಂದಳು.

ಸಾವ್ಕಾರರು ಪೊಲೀಸು, ಠಾಣೆ ಎಂದೆಲ್ಲ ಕೂಗಿದರು. ಭಾನುವಾರ ಉದ್ಘಾಟನೆ. ಭಟ್ಕಳ, ಹೊನ್ನಾವರದ ಕಟ್ಟಡದ ಮಾಲಕರೆಲ್ಲ ನೋಡಲು ಬರುವವರು. ಬೆಂಗಳೂರಿನಿಂದ ಮತ್ತೆ ಗಿಡ ತರಿಸಲು ಐದು ದಿನ ಬೇಕು. ಆಗ ಸುಧಾಕರನಿಗೆ ಬುದ್ಧಿ ಹೊಳೆಯಿತು. ಅವನಿಗೆ ಬುದ್ಧಿ ಹೊಳೆದಾಗಲೆಲ್ಲ ಕೇರಿಯಲ್ಲಿ ಯಾರಿಗಾದರೂ ಕೇಡು. ಮಾದೇವಕ್ಕನ ಮಾಡಿನ ಮೇಲೆ ಇದೇ ಗಿಡ ತುಂಬಿಕೊಂಡಿದೆ, ಚೀಲಕ್ಕೆ ಚೀಲವೇ ಎತ್ತಿ ತಂದು ಹಾಸಬಹುದು ಎಂದ.

ಸಾವ್ಕಾರರ ಮುಖ ಅರಳಿತು. ಹಾಗಾದರೆ ಕದ್ದ ಗಿಡವೇ ಅದು, ಮಾಲು ವಾಪಸು ಬಂದರೆ ಮಾಫಿ ಮಾಡುತ್ತೇನೆ ಎಂದರು. ಮಾದೇವಿ ಅದು ಗದ್ದೆ ಅಂಚಿನ ಗಿಡ, ತಾನೇ ನೆಟ್ಟದ್ದು ಎಂದಳು. ಅದರ ಅಡಿಯಲ್ಲಿ ಬಾಣಂತಿ ಇದ್ದಾಳೆ, ಎಳೆಗೂಸು ಇದೆ, ಆಸ್ಪತ್ರೆಗೆ ಹೋಗಿ ಬಂದ ಕೂಸು ಎಂದಳು. ಬೇಕಾದರೆ ಗದ್ದೆಗಳ ಅಂಚು ಸುತ್ತಿ ಬೇರೆ ಗಿಡ ಆಯ್ದುಕೊಡುತ್ತೇನೆ ಎಂದೂ ಹೇಳಿದಳು. ಆಯ್ದು, ನೆಟ್ಟು, ಹಬ್ಬುವುದಕ್ಕೆ ಸಾವ್ಕಾರರಿಗೆ ಪುರುಸೊತ್ತಿರಲಿಲ್ಲ.

“ಬಾಣಂತಿ ಬೆಚ್ಚಗೇ ಇರ್ಬೇಕು. ನಿಮ್ಗೆ ಅಷ್ಟೂ ಗೊತ್ತಿಲ್ಲ?” ಎಂದು ಕೇಳಿ ಅವರು ಏಸಿ ಕೋಣೆಗೆ ಹೋದರು.

ಟೆಂಪೋ ಹೊರಟಿತು. ಮುಂದೆ ಸುಧಾಕರ, ಹಿಂದೆ ಏಣಿ, ಇಬ್ಬರು ಗಂಡಾಳು, ಮಾದೇವಿ, ಗಂಗೆ. ಟೆಂಪೋದ ಕಬ್ಬಿಣ ಕಾದಿತ್ತು, ಮಾದೇವಿ ದಾರಿಯುದ್ದಕ್ಕೂ ಅದನ್ನೇ ಹಿಡಿದು ನಿಂತಿದ್ದಳು. ಕೇರಿಯಲ್ಲಿ ಏಣಿ ಇಳಿಸಿ ಮಾಡಿಗೆ ಒರಗಿಸಿದರು. ಒಳಗೆ ಕೂಸು ನಿದ್ದೆಯಲ್ಲಿತ್ತು. ನೇತ್ರಾ ಬಾಗಿಲಿಗೆ ಬಂದು, “ಎಂತ ಅವ್ವಿ ಇದು?” ಎಂದಳು. ಅಷ್ಟರಲ್ಲಿ ಗಂಡಾಳು ಹಗ್ಗ ಬಿಚ್ಚಿ, ಅಂಚಿನ ಒಂದು ಚೀಲವನ್ನೂ ಅಡಿಯ ಮಡಲು, ಕರಡವನ್ನೂ ಎಳೆದಿದ್ದ. ಮಣ್ಣು ಚೆಲ್ಲಿತು. ಗೋಳಿಸೊಪ್ಪು ಬೇರು ಮೇಲಾಗಿ ಬಿತ್ತು. ಬಾಗಿಲಿನಷ್ಟು ಅಗಲದ ತಗಡು ಬತ್ತಲೆಯಾಗಿ ಬಿಸಿಲಿಗೆ ಹೊಳೆಯಿತು.

ಮಾದೇವಿ ಏಣಿಯ ಬುಡಕ್ಕೆ ಬಂದು ಅದರ ಮೊದಲ ಮೆಟ್ಟಿಲ ಮೇಲೆ ಕೂತಳು. ಮೇಲಿದ್ದವನು ಮೇಲೆಯೇ ಉಳಿದ. ಸುಧಾಕರ ಬಳಿ ಬಂದು ತಗ್ಗಿದ ದನಿಯಲ್ಲಿ, ನನ್ನ ಹೊಟ್ಟೆಪಾಡು ಅಕ್ಕಾ, ನಾಲ್ಕು ದಿನ ಅಡ್ಜಸ್ಟ್ ಮಾಡಿಕೋ, ಆಮೇಲೆ ನಾನೇ ತಂದು ಹಾಕಿಸುತ್ತೇನೆ ಎಂದ. ನಾಲ್ಕು ದಿನದಲ್ಲಿ ಎಂಥ ಸೆಕೆ ಆಗುತ್ತದೆ ಮಹಾ ಎಂದ.

ಮಾದೇವಿ ಎದ್ದು ಅವನ ರಟ್ಟೆ ಹಿಡಿದಳು. ಅರ್ಧ ತಾಸು ಹೊತ್ತು ಹಾಗೇ ನಿಲ್ಲಿಸಿಕೊಂಡಳು, ಬತ್ತಲೆ ತಗಡು ಚೆನ್ನಾಗಿ ಕಾಯುವ ತನಕ. ಅವನು ಕೊಸರಿದ. ಹದಿನೆಂಟು ದಿನ ಮಣ್ಣು ಹೊತ್ತ ಕೈ ಅದು, ಪೆನ್ನಿನ ಕೈಗೆ ಬಿಡಿಸಿಕೊಳ್ಳಲು ಬರಲಿಲ್ಲ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಟೆಂಪೋದ ಸುತ್ತ ನಿಂತರು.

“ಇಡು ಕೈ,” ಅಂದಳು ಮಾದೇವಿ.

ಮಾಡು ಗಿಡ್ಡ. ನಿಂತಲ್ಲಿಂದಲೇ ಕೈಗೆ ಸಿಗುತ್ತದೆ. ಸುಧಾಕರ ತಗಡಿನ ಮೇಲೆ ಅಂಗೈ ಇಟ್ಟ. ಇಟ್ಟದ್ದಷ್ಟೇ, ಹಾವು ಮುಟ್ಟಿದಂತೆ ಎಳೆದುಕೊಂಡ. ಅಂಗೈಯನ್ನು ತೊಡೆಯ ಸಂದಿಯಲ್ಲಿ ಅದುಮಿಕೊಂಡು ಬಗ್ಗಿದ.

“ಬೇಗ ಬೇಗ ಇಟ್ಟರೆ ಸುಡುದಿಲ್ಲ ಮೇಸ್ತ್ರಿ,” ಅಂದಳು ಗಂಗೆ.

ಮಾದೇವಿ ನಗಲಿಲ್ಲ. “ಅದ್ರ ಅಡಿಗೆ ಕೂಸು ಮನಗ್ತದೆ ಸುಧಾಕರಾ. ನಿಂಗೆ ಎಂಟೆಣಿಸೂ ಹೊತ್ತು ಕೈ ಇಡೂಕೆ ಆಗ್ಲಿಲ್ಲ. ಕಳ್ಳಿ ಹೇಳಿ ಬರ್ಕಳ್ಲಿ. ಪೊಲೀಸ್ರನ್ನ ಕಳಿಸ್ಲಿ. ಮಾಡಿಗೆ ಕೈ ಹಚ್ಚೂಕೆ ಬಿಡುದಿಲ್ಲ. ನಿಮ್ಮ ಅಟ್ಟಕ್ಕೆ ನಾ ಮಣ್ಣು ಹೊತ್ತದ್ದೂ ಆತು, ಇನ್ನು ಬರುದೂ ಇಲ್ಲ.”

ಗಂಗೆಯೂ, ತನ್ನ ಕಾಲೂ ಬರುವುದಿಲ್ಲವಂತೆ ಎಂದಳು. ಮೇಲಿದ್ದ ಗಂಡಾಳು ಎಳೆದ ಚೀಲವನ್ನು ಯಾರೂ ಹೇಳದೆಯೇ ವಾಪಸು ಜಾಗಕ್ಕೆ ಇಟ್ಟು, ಹಗ್ಗ ಬಿಗಿದು ಇಳಿದ. ಟೆಂಪೋ ಏಣಿ ಹೇರಿಕೊಂಡು ಬರಿದೇ ಹೋಯಿತು.

ಉದ್ಘಾಟನೆಯ ಕಥೆ ಹೇಳಿದವಳು ಲಕ್ಕಿ. ಅವಳ ಗಂಡ ಹಾಸಿಗೆ ಹಿಡಿದಿದ್ದರಿಂದ ಅವಳಿಗೆ ಕೆಲಸ ಬಿಡಲಾಗಲಿಲ್ಲ. ಅದನ್ನು ಯಾರೂ ಆಡಿಕೊಳ್ಳಲೂ ಇಲ್ಲ. ಗಿಡವೂ ಸಿಗದೆ, ಇದ್ದ ಹುಲ್ಲೂ ಬಿಸಿಲಿಗೆ ಒಣಗಿ ಹೋದದ್ದಕ್ಕೆ ಸಾವ್ಕಾರರು ಎದೆಗುಂದಲಿಲ್ಲವಂತೆ. ಮದುವೆ ಸ್ಟೇಜಿಗೆ ಹಾಸುವ ಹಸಿರು ಪ್ಲಾಸ್ಟಿಕ್ ಹುಲ್ಲನ್ನು ಹಾಲಿನಿಂದ ಮೇಲಕ್ಕೆ ಸಾಗಿಸಿ ತಾರಸಿ ತುಂಬ ಹಾಸಿಸಿದರಂತೆ. ದೂರದಿಂದ ನೋಡಿದರೆ ಹಸಿರೇ. ವಿನುತಾ ಮೇಡಂ ಬರುವುದು ಮುಂದಿನ ವಾರ, ಅಷ್ಟರೊಳಗೆ ನೋಡಿಕೊಂಡರಾಯಿತು.

ಭಟ್ಟರು ಅಭಿಜಿನ್ ಮುಹೂರ್ತ ಇಟ್ಟಿದ್ದರು, ಅಂದರೆ ನಡುಮಧ್ಯಾಹ್ನ. ಪೂಜೆ ಅಂದಮೇಲೆ ಚಪ್ಪಲಿ, ಬೂಟು ಎಲ್ಲ ಲಿಫ್ಟಿನ ಬಾಗಿಲಲ್ಲಿ. ಭಟ್ಕಳದವರು, ಹೊನ್ನಾವರದವರು, ಶಾಲು ಹೊದ್ದವರು ಎಲ್ಲ ಬರಿಗಾಲಲ್ಲಿ ಹಸಿರಿನ ಮೇಲೆ ಹೆಜ್ಜೆ ಇಟ್ಟರು. ಮೊದಲು ಸಾವ್ಕಾರರ ಎಡಗಾಲು ಮೇಲೆ ಹೋಯಿತು. ಆಮೇಲೆ ಬಲಗಾಲು. ಆಮೇಲೆ ಎಲ್ಲರವೂ. ಪ್ಲಾಸ್ಟಿಕ್ ಹುಲ್ಲು ಕಾದು ಬಾಣಲೆಯಾಗಿತ್ತು. ಮುಖ್ಯ ಅತಿಥಿಗಳು ಒಂಟಿಗಾಲ ಮೇಲೆ ನಿಂತು, ಪರಿಸರದ ಮೇಲೆ ನಮ್ಮ ಹೆಜ್ಜೆ ಹಗುರವಾಗಿರಬೇಕು ಎಂದು ಹೇಳಿ, ಒಂದೇ ನಿಮಿಷದಲ್ಲಿ ಭಾಷಣ ಮುಗಿಸಿದರಂತೆ. ಅಷ್ಟು ಚಿಕ್ಕ ಭಾಷಣ ಕುಮಟೆಯಲ್ಲಿ ಅದೇ ಮೊದಲು. ಭಟ್ಟರು ಮಂತ್ರವನ್ನು ಅರ್ಧಕ್ಕೇ ಸ್ವಾಹಾ ಮಾಡಿ ಓಡಿದರಂತೆ. ಲಕ್ಕಿ ಹೇಳುತ್ತ ಹೇಳುತ್ತ ಎದ್ದು ಕುಣಿದೂ ತೋರಿಸಿದಳು. ನೇತ್ರಾ ಹೆರಿಗೆಯಲ್ಲಿ ಹಾಕಿದ ಹೊಲಿಗೆಯ ಗಾಯ ಹಿಡಿದುಕೊಂಡು ನಕ್ಕಳು.

ಮಾದೇವಿಯೂ ನಕ್ಕಳು. ನಕ್ಕ ಮೇಲೆ ನಾಳೆಯ ಚಿಂತೆ ಬಂತು. ಕೆಲಸ ಹೋದದ್ದು ಹೋದದ್ದೇ. ಮಿರ್ಜಾನದ ಕಡೆ ಗದ್ದೆ ಕೆಲಸ ಕೇಳಬೇಕು, ಬಸ್ಸಿನಲ್ಲಿ ಹೋಗಿ ಬರಬೇಕು. ಹೋಗುವುದು, ಮತ್ತೇನು.

ಬುಧವಾರ ಸುಧಾಕರ ಬಂದ. ಒಬ್ಬನೇ ಬಂದ, ಏಣಿ ಇರಲಿಲ್ಲ. ಅಂಗೈಗೆ ಬಟ್ಟೆ ಸುತ್ತಿದ್ದ. ಬಿಸಿಲಲ್ಲಿ ನಡೆದು ಅವನ ಅಂಗಿ ಬೆನ್ನಿಗೆ ಅಂಟಿತ್ತು. ಮಾಡಿನ ಸೂರು ಗಿಡ್ಡವಾದ್ದರಿಂದ ಬಗ್ಗಿ ಒಳಗೆ ಬಂದ. ಮಾದೇವಿ ಚೆಂಬಿನಲ್ಲಿ ನೀರು ಕೊಟ್ಟಳು, ಬೆಲ್ಲದ ಚೂರು ಕೊಟ್ಟಳು. ಮನೆಗೆ ಬಂದವನಿಗೆ ಕೊಡದೆ ಇರುವುದುಂಟೇ. ಅವನು ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿದ. ಬಹಳ ಹೊತ್ತು ಏಳಲಿಲ್ಲ. ತೊಟ್ಟಿಲಲ್ಲಿ ಕೂಸು ಕೈ ಮುಷ್ಟಿ ಮಾಡಿ ಮಲಗಿತ್ತು.

ಕೊನೆಗೆ ಬಂದ ಕೆಲಸ ಹೇಳಿದ. ಬೆಂಗಳೂರಿನ ಗಿಡ ಬಂದಿವೆ. ಇಟ್ಟಲ್ಲೆಲ್ಲ ಬಾಡುತ್ತಿವೆ. ಮಾದೇವಿಯ ಮಾಡಿನ ಸುದ್ದಿ ಕೇಳಿದ ಮೇಡಂ ಫೋನಿನಲ್ಲಿ, ಆ ಅಮ್ಮನನ್ನೇ ಕರೆಸಿ ಎಂದಿದ್ದಾರೆ. ಸಾವ್ಕಾರರು ಹಿಂದಿನದ್ದೆಲ್ಲ ಮರೆತಿದ್ದಾರೆ.

“ಅವ್ರು ಮರ್ತಿದ್ರಾ,” ಅಂದಳು ಮಾದೇವಿ. “ದೊಡ್ಡ ಮನ್ಸು.”

“ಒಂದ್ಸಲ ಬಾ ಮಾದೇವಕ್ಕ. ಅಲ್ಲಿ ಮೇಲೆ ನಿಲ್ಲೂಕೆ ಆಗೂದಿಲ್ಲ, ಅಷ್ಟು ಸೆಕೆ. ಒಡೆಯರಿಗೆ ಎಂತ ಹೇಳಲಿ ನಾನು?”

ಮಾದೇವಿ ತೊಟ್ಟಿಲನ್ನು ಒಮ್ಮೆ ತೂಗಿದಳು.

“ಸೆಕೆ ಆದ್ರೆ ಇಲ್ಲಿಗೆ ಬಂದು ಕುಳ್ಳಲಿ ಹೇಳು. ನೀರು ಕೊಡ್ತೆ. ಬಾಗ್ಲು ಗಿಡ್ಡ ಇದೆ, ತಲೆ ತಗ್ಸಿ ಬರ್ಬೇಕು. ಚಪ್ಪಲಿ ಹೊರಗೆ.”

ಸುಧಾಕರ ಎದ್ದ. ಒಳಗೆ ಬರುವಾಗ ನೆನಪಿದ್ದದ್ದು ಹೋಗುವಾಗ ಮರೆತ. ಸೂರಿನ ಗಳು ಹಣೆಗೆ ಟಪ್ಪನೆ ಬಡಿಯಿತು. ನಾಲ್ಕು ಗೋಳಿಸೊಪ್ಪಿನ ಎಲೆ ಅವನ ತಲೆಯ ಮೇಲೆ ಉದುರಿದವು. ಕೂಸಿಗೆ ಎಚ್ಚರವಾಗಲಿಲ್ಲ.